ಬಚ್ಚಲಿಗಾಗಿ ನೇಪಾಳಕ್ಕೆ ಹೋಗಿ ಬಂದದ್ದು

ಸಿಂದಗಿ, ನಮ್ಮ ಹಿತ್ತಲು

ದೇವರ ಮನೆಯ ದೀಪಗಳನ್ನು ಹಿತ್ತಲಿನ ಕಲ್ಲಿನ ಮೇಲೆ ಸಾಲಾಗಿಟ್ಟುಕೊಂಡು ತಿಕ್ಕುತ್ತಿದ್ದೆ. ನಮ್ಮ ಸೀಮೆಯಲ್ಲಿ ದೀಪಕ್ಕೂ ಒಗ್ಗರಣೆಗೂ ಕುಸುಬಿ ಎಣ್ಣೆಯೇ. ಉರಿಯುವಾಗ ಬಲು ಸೌಮ್ಯ. ಒಣಗಿದರೆ ಮಾತ್ರ ಹಿತ್ತಾಳೆಯ ಮೇಲೆ ಹಳದಿ ಅರಗಿನ ಹಾಗೆ ಕಚ್ಚಿಕೊಂಡು ಕೂಡುತ್ತದೆ, ಹುಣಸೆಹಣ್ಣಿಗೂ ಜಗ್ಗುವುದಿಲ್ಲ. ಕುದಿಯುವ ನೀರಿಗೆ ಒಲೆಯ ಬೂದಿ ಕಲಸಿ ಅದರಲ್ಲಿ ಮುಳುಗಿಸಿಟ್ಟರೆ ಆಗ ದಾರಿಗೆ ಬರುತ್ತದೆ. ಪಂಪ್‌ಸೆಟ್ ರಿಪೇರಿಯವರ ಮನೆ ತುಂಬಿ ಹನ್ನೆರಡು ವರ್ಷವಾದರೂ ನನಗೆ ಬರುತ್ತಿದ್ದ ರಿಪೇರಿ ಅದೊಂದೇ.

ನಮ್ಮವರು ಗಾಡಿಯ ಅಡಿಯಿಂದ ತೆವಳುತ್ತ ಹೊರಗೆ ಬಂದರು. ಮೂಗಿಗೆ ಗ್ರೀಸ್ ಮೆತ್ತಿತ್ತು.

"ಕೇಳಿಲ್ಲಿ. ಬರೂ ಶಿವರಾತ್ರಿಗಿ ನೇಪಾಳಕ್ಕ ಹೊಂಟೇವಿ. ಪಶುಪತಿ ದರ್ಶನಕ್ಕ."

"ಯಾವ ರೈಲಿಗ್ರಿ?"

"ರೈಲ್ ಯಾಕ ಬೇಕು? ಇದರಾಗ" ಎಂದು ಗಾಡಿಯ ಪಕ್ಕೆಗೆ ಬಡಿದರು. ಅಲ್ಲಿಂದ ಒಂದು ಬೋಲ್ಟು ಕೆಳಗೆ ಬಿತ್ತು.

ನನ್ನ ಕೈಯಲ್ಲಿದ್ದ ದೀಪವೂ ಬೂದಿನೀರಿಗೆ ಬಿತ್ತು. ಹಿತ್ತಾಳೆಯದು, ಒಡೆಯಲಿಲ್ಲ, ಅದೊಂದು ಪುಣ್ಯ.

ಆ ಗಾಡಿಯ ಬಗ್ಗೆ ಹೇಳಬೇಕು. ಮಿಲಿಟರಿಯವರು ಸಾಕೆಂದು ಹರಾಜು ಹಾಕಿದ ಹಸಿರು ಟ್ರಕ್ಕು ಅದು. ಮುಂದಿನ ಎರಡು ಗಾಲಿಗಳೂ ಎಳೆಯುವ ಜಾತಿಯದು, ಕೆಸರು, ಹಳ್ಳ, ಗುಡ್ಡ ಯಾವುದಕ್ಕೂ ಅಂಜುವುದಿಲ್ಲ ಎಂದು ನಮ್ಮವರು ಮೂರು ವರ್ಷದ ಹಿಂದೆ ತಂದರು. ಮುದ್ದೇಬಿಹಾಳದ ಮೆಕ್ಯಾನಿಕ್ ದಸ್ತಗೀರ ಅವರ ಬಾಲ್ಯದ ಗೆಳೆಯ. ಅವನ ಶೆಡ್ಡಿಗೆ ಒಯ್ಯುವಾಗ ಅದು ಬಸವನ ಬಾಗೇವಾಡಿಯಲ್ಲಿ, ಎಲ್ಲಾ ಬಿಟ್ಟು ನನ್ನ ತವರುಮನೆಯ ಕಟ್ಟೆಯ ಮುಂದೆಯೇ ನಿಂತಿತು. ನಾಲ್ಕು ಜೋಡೆತ್ತು ಹೂಡಿ ಎಳೆಸಬೇಕಾಯಿತು. ನನ್ನ ತಮ್ಮ ಕಟ್ಟೆಯ ಮೇಲೆ ನಿಂತು, "ಮಾಮಾರ, ಹೊಸಾ ಚಕ್ಕಡಿ ಭಾಳ ಛಲೋ ಐತ್ರಿ, ಎತ್ತ ಮಾತ್ರ ಜಾಸ್ತಿ ಬೇಡತೈತಿ" ಎಂದಿದ್ದ. ಆ ಮಾತು ನಮ್ಮವರ ಎದೆಯಲ್ಲಿ ಮುಳ್ಳಾಗಿ ಉಳಿಯಿತು. ಇನ್ನು ಮೇಲೆ ಈ ಗಾಡಿಗೆ ಹಗ್ಗ ಮುಟ್ಟಿಸುವುದಿಲ್ಲ ಎಂದು ಅವತ್ತೇ ಆಣೆ ಮಾಡಿದರು.

ನನ್ನ ಅತ್ತೆ ಅದಕ್ಕೆ ಕೋಣ ಎಂದು ಹೆಸರಿಟ್ಟರು. "ಯಮರಾಜ ಮ್ಯಾಲಿಂದ ಇಳದ್ ನಡಕೊಂತ ಹೋಗ್ಯಾನ. ಅದಕ್ಕ ಹರಾಜಿಗಿ ಬಂದೈತಿ."

ನನ್ನ ಸಿಟ್ಟಿಗೆ ಕಾರಣ ಬೇರೆ. ಕೋಣ ನಿಂತದ್ದು ನನ್ನ ಬಚ್ಚಲಿನ ಜಾಗದಲ್ಲಿ. ನಮ್ಮ ಮನೆಯಲ್ಲಿ ಬಚ್ಚಲು ಎಂದರೆ ಎರಡು ಚಪ್ಪಡಿ, ಒಂದು ಹಳೆಯ ಸೀರೆಯ ಮರೆ. ಗಾಳಿ ಬಂದರೆ ಸೀರೆ ತನ್ನ ಪಾಡಿಗೆ ಹೋಗುತ್ತಿತ್ತು. ನಾನು ತಂಬಿಗೆ ಎತ್ತಿದ ಹೊತ್ತಿಗೇ ಪಕ್ಕದ ಮನೆಯವರಿಗೆ ಮಾಳಿಗೆಯ ಮೇಲೆ ಮೆಣಸಿನಕಾಯಿ ಹರವುವ ನೆನಪಾಗುತ್ತಿತ್ತು. ಬಾಗಿಲಿರುವ ಬಚ್ಚಲು ಕಟ್ಟಿಸಿಕೊಡಿ ಎಂದು ಕೇಳಿ ಕೇಳಿ, ಕಟ್ಟಿಸುತ್ತೇನೆ ಎಂದ ಜಾಗಕ್ಕೆ ಈ ಕೋಣ ಬಂದು ನಿಂತಿತ್ತು.

ಅದಕ್ಕೇ ಅವತ್ತು ಬೂದಿಗೈಯಲ್ಲೇ ಎದ್ದು ನಿಂತು ಹೇಳಿದೆ: "ನಾ ಬರತೇನ್ರಿ. ಆದ್ರ ನಡುವ ಎಲ್ಲರೆ ಇದನ್ನ ಎಳಿಸ್ಕೋಬೇಕಾತಂದ್ರ?"

"ಒಂದ್ ಗೇಣ, ಬ್ಯಾರೇ ಗಾಡಿ ಹಗ್ಗಾ ಕಟ್ಟಿ ಒಂದ ಗೇಣ ಇದನ್ನ ಎಳದ್ರ, ಊರಿಗಿ ಬಂದ ಮರುದಿನಾ ಗುಜರಿಯವ್ಗ ಕೊಡ್ತೇನಿ. ಈ ಜಾಗಾದಾಗ ನಿನಗ ಬಚ್ಚಲ."

"ಬಾಗಲಾ ಸುದ್ದಾ?"

"ಬಾಗಲಾ, ಕೊಂಡಿ, ಎಲ್ಲಾ. ಎಳೀಲಿಲ್ಲಂದ್ರ ಕೋಣ ಇಲ್ಲೇ ಇರತೈತಿ. ನೀ ಮತ್ತ ಬಾಯಿ ತಗೀಬಾರ್ದು."

ಅತ್ತೆ ಒಳಗಿನಿಂದಲೇ, "ನಾ ಕೇಳಸ್ಕೊಂಡೇನಿ" ಎಂದರು. ಅಲ್ಲಿಗೆ ಕರಾರು ಪಕ್ಕಾ ಆಯಿತು.

ಗಾಡಿ ಕೆಡಲಿ ಎಂದು ದೇವರನ್ನು ಬೇಡಿಕೊಳ್ಳುವುದು ಪಾಪ. ನಾನು ಹಾಗೆ ಬೇಡಲಿಲ್ಲ. "ಶಿವನೇ, ನಮ್ಮನ್ನೆಲ್ಲ ಸುರಕ್ಷಿತವಾಗಿ ಮುಟ್ಟಿಸು, ಹೇಗೆ ಮುಟ್ಟಿಸಬೇಕೆಂಬುದು ನಿನಗೆ ಬಿಟ್ಟದ್ದು" ಎಂದಷ್ಟೇ ಹೇಳಿದೆ.

ಅಗರಖೇಡ, ಭೀಮಾ ದಂಡೆ

ಗಾಡಿ ಎಷ್ಟು ಗಟ್ಟಿಯಾಗಿದೆ ಎಂದು ನೋಡಲು ಎರಡು ವಾರದ ಮೇಲೆ ಇಂಡಿಯ ಆಚೆ ಅಗರಖೇಡಕ್ಕೆ ಹೋದೆವು. ಮಳೆ ಆಗಷ್ಟೇ ನಿಂತಿತ್ತು. ಭೀಮಾ ದಂಡೆಯ ಎರೆಮಣ್ಣಿನಲ್ಲಿ ಕಾಲಿಟ್ಟರೆ ಚಪ್ಪಲಿಯ ಆಸೆ ಬಿಡಬೇಕು.

ಅಷ್ಟರೊಳಗೆ ದಸ್ತಗೀರನೂ ಇವರೂ ಕೋಣಕ್ಕೆ ಮಾಡಬಾರದ್ದನ್ನೆಲ್ಲ ಮಾಡಿದ್ದರು. ಪೆಟ್ರೋಲ್ ಇಂಜಿನ್ ತೆಗೆದು ಡೀಸೆಲ್ ಇಂಜಿನ್ ಕೂಡಿಸಿದ್ದರು. ಲಾರಿಯ ಕಮಾನು ಪಟ್ಟಿಗಳನ್ನು ಸೇರಿಸಿ ಗಾಡಿಯನ್ನು ಮೊಳದಷ್ಟು ಎತ್ತರಿಸಿದ್ದರು. ಅತ್ತೆ ಹತ್ತಬೇಕಾದರೆ ಜೋಳದ ಚೀಲದ ಮೇಲೆ ನಿಲ್ಲಿಸಬೇಕು. ಹಳ್ಳ ದಾಟುವಾಗ ನೀರು ನುಗ್ಗಬಾರದೆಂದು ಹೊಗೆಯ ಕೊಳವೆಯನ್ನು ಮಗ್ಗುಲಲ್ಲಿ ಮೇಲಕ್ಕೆ ಏರಿಸಿ, ಗಾಡಿಯ ಮೇಲ್ಮುಚ್ಚಿಗೆಯಾದ ಟಪ್ಪಿನ ಎತ್ತರಕ್ಕೆ ತಂದು ಬಿಟ್ಟಿದ್ದರು. ಹಿಂದಿನ ಕಬ್ಬಿಣದ ಬೆಂಚು ಕಿತ್ತು ಅಲ್ಲಿ ನುಲಿ ಹೆಣೆದ ಹೊರಸು ಕಟ್ಟಿದ್ದರು. ಅದು ಅತ್ತೆಯ ಅಪ್ಪಣೆ. ಇನ್ನೊಂದು ಅಪ್ಪಣೆಯೂ ಇತ್ತು.

"ನಾ ಬಯಲಾಗ ಜಳಕಾ ಮಾಡಂಗಿಲ್ಲ. ಜಳಕಾ ಮಾಡದ ಲಿಂಗಪೂಜಿ ಮಾಡಂಗಿಲ್ಲ. ಪೂಜಿ ಮಾಡದ ಉಣ್ಣಂಗಿಲ್ಲ. ನೋಡ್ರಿ ಮತ್ತ, ನೇಪಾಳ ಮುಟ್ಟೂದ್ರಾಗ ನಾ ಇರತೇನೋ ಇಲ್ಲೋ."

ಇಬ್ಬರೂ ಕೂತು ತಲೆ ಕೆರೆದುಕೊಂಡರು. ಕೊನೆಗೆ ಗಾಡಿಯ ಮಗ್ಗುಲಿಗೆ ಎರಡು ಕಬ್ಬಿಣದ ಪೈಪು ಬೆಸೆದು, ಬೇಕಾದಾಗ ರೆಕ್ಕೆಯ ಹಾಗೆ ಬಿಚ್ಚಿ ಅದಕ್ಕೆ ಗೋಣಿತಟ್ಟು ಇಳಿಬಿಡುವಂತೆ ಮಾಡಿದರು. ಒಳಗೆ ನಿಲ್ಲಲು ಹಲಗೆ, ಸೀರೆ ಹಾಕಲು ಮೊಳೆ. ಮೂರು ಕಡೆ ತಟ್ಟು, ಒಂದು ಕಡೆ ಗಾಡಿ. ಮಾಳಿಗೆಯ ಮೇಲಿಂದಲೂ ಕಾಣುವಂತಿರಲಿಲ್ಲ, ಮೇಲೂ ಒಂದು ತಟ್ಟು ಇತ್ತು. ಹನ್ನೆರಡು ವರ್ಷ ನನಗೆ ಸಿಗದದ್ದು ಅತ್ತೆಗೆ ಹನ್ನೆರಡು ದಿನದಲ್ಲಿ ಸಿಕ್ಕಿತ್ತು.

ದಂಡೆಯ ಕೆಸರಿನಲ್ಲಿ ಕೋಣ ಸಿಕ್ಕಿಬಿತ್ತು. ನನ್ನ ಮುಖ ಅರಳಿತು. ಆಗ ನಮ್ಮವರು ದೊಡ್ಡ ಗೇರಿನ ಪಕ್ಕದಲ್ಲಿದ್ದ ಗಿಡ್ಡ ಕೋಲೊಂದನ್ನು ಮುಂದಕ್ಕೆ ತಳ್ಳಿದರು. ಕಟಕ್ ಎಂದಿತು. ಮುಂದಿನ ಗಾಲಿಗಳೂ ತಿರುಗಿದವು. ಕೋಣ ಕೆಸರಿನಿಂದ ಎದ್ದು, ಮೈ ಕೊಡವಿ, ಸೀದಾ ದಂಡೆ ಹತ್ತಿ ನಿಂತಿತು.

"ಆ ಸಣ್ಣ ಗೇರೇ ಇದರ ಜೀವಾ" ಎಂದರು ನಮ್ಮವರು.

ಅದು ಜೀವ ಎಂದು ಅವರೇ ಹೇಳಿದ ಮೇಲೆ ನಾನು ಸುಮ್ಮನಿರುವುದು ಹೇಗೆ? ದೇವರ ದೀಪದಲ್ಲಿ ಉಳಿದ ಎಣ್ಣೆಯನ್ನು ತುಳಿಯುವ ಜಾಗಕ್ಕೆ ಚೆಲ್ಲಬಾರದು. ಮೊದಲೆಲ್ಲ ಹಿತ್ತಲಿನ ಬೇವಿನ ಬುಡಕ್ಕೆ ಹಾಕುತ್ತಿದ್ದೆ. ಈಗ ನನಗೂ ಬೇವಿಗೂ ನಡುವೆ ಕೋಣ ನಿಂತಿತ್ತು. ಹಾಗಾಗಿ ರವಿವಾರಕ್ಕೊಮ್ಮೆ ದೀಪ ತಿಕ್ಕುವಾಗ ಬಸಿದ ಎಣ್ಣೆಯನ್ನು ಬಟ್ಟಲಲ್ಲಿ ಹಿಡಿದು, ಗಾಡಿ ಹತ್ತಿ, ಆ ಸಣ್ಣ ಗೇರಿನ ಗುಂಡಿಗೆ ವಿಭೂತಿ ಎಳೆದು, ಒಂದು ಚಿಟಿಕೆ ಕುಂಕುಮ ಇಟ್ಟು, ಬುಡಕ್ಕೆ ಎಣ್ಣೆ ಎರೆದು ಬರುತ್ತಿದ್ದೆ. ಕಬ್ಬಿಣಕ್ಕೆ ಎಣ್ಣೆ ಒಳ್ಳೆಯದೆಂದು ಯಾರು ಬೇಕಾದರೂ ಹೇಳುತ್ತಾರೆ. ಬಚ್ಚಲಿನ ಆಸೆ ಒಂದು ಕಡೆ ಇದ್ದರೂ ಗಂಡನ ಗಾಡಿಗೆ ಕೇಡು ಬಯಸಿದವಳು ಎಂಬ ಮಾತು ನನಗೆ ಬೇಡವಾಗಿತ್ತು. ಅತ್ತೆ ನೋಡಿದರೆ, ಕೊರಳಲ್ಲಿ ಲಿಂಗ ಇದ್ದವಳು ಕಬ್ಬಿಣಕ್ಕೆ ಕೈಮುಗಿಯುತ್ತೀಯಾ ಎಂದು ಉಗಿಯುತ್ತಿದ್ದರು. ಅದಕ್ಕೆ ಅವರು ಮಧ್ಯಾಹ್ನ ಮಲಗಿದಾಗ ಹೋಗುತ್ತಿದ್ದೆ, ಕುಂಕುಮ ವಿಭೂತಿಯನ್ನು ಸೆರಗಿನಿಂದ ಒರೆಸಿ ಇಳಿಯುತ್ತಿದ್ದೆ. ನಾಲ್ಕು ತಿಂಗಳು ಒಂದು ರವಿವಾರವೂ ತಪ್ಪಿಸಲಿಲ್ಲ.

ಝಳಕಿ

ಹೊರಟ ದಿನ ಝಳಕಿಯಲ್ಲಿ ಚಹಕ್ಕೆ ನಿಂತೆವು. ನಾಲ್ಕೇ ಜನ: ನಮ್ಮವರು, ದಸ್ತಗೀರ, ಅತ್ತೆ, ನಾನು. ಜೊತೆಗೆ ಒಂದು ಚೀಲ ಕಟಕ್ ರೊಟ್ಟಿ, ಎರಡು ಡಬ್ಬಿ ಶೇಂಗಾ ಚಟ್ನಿ.

ಚಹ ಕುಡಿದು ಹಿಂದಕ್ಕೆ ಸರಿಯುವಾಗ ಮೇಲೇರಿಸಿದ ಹೊಗೆ ಕೊಳವೆ ಹೋಟೆಲ್ ಮಾಲೀಕ ಒಣಹಾಕಿದ್ದ ಧೋತರದ ಎದುರು ಬಂದು ನಿಂತಿತು. ದಸ್ತಗೀರ ಒಮ್ಮೆ ಎಕ್ಸಿಲರೇಟರ್ ಗಟ್ಟಿಯಾಗಿ ತುಳಿದ. ಬಿಳಿಯ ಧೋತರದ ನಡುವೆ ಕಪ್ಪು ಸೂರ್ಯ ಮೂಡಿದ.

"ಏನ್ರಿ ಇದು, ನಾಳೆ ನಾ ಬೀಗರ ಮನಿಗಿ ಹೊಂಟೇನಿ" ಎಂದ ಮಾಲೀಕ.

ಅತ್ತೆ ಹೊರಸಿನ ಮೇಲಿಂದಲೇ ಸಮಾಧಾನ ಹೇಳಿದರು. "ಕಚ್ಚಿ ಹಾಕೂ ಕಡೀಗಿ ಅದನ್ನ ಒಳಗ ಮಾಡಿ ಉಡೋ ತಮ್ಮಾ. ಬೀಗರು ಅಲ್ಲೀಮಟಾ ನೋಡಂಗಿಲ್ಲ."

ಅವನು ನಕ್ಕುಬಿಟ್ಟ. ಪುಣ್ಯವೆಂದರೆ ನಮ್ಮ ಸೀಮೆಯಲ್ಲಿ ನಕ್ಕವನು ಜಗಳ ಮುಂದುವರಿಸುವುದಿಲ್ಲ.

ರಕ್ಸೌಲ್, ಗಡಿ

ನಡುವಿನ ದಾರಿಯನ್ನು ಬಿಡುತ್ತೇನೆ. ಕಾಶಿಯಲ್ಲಿ ಗಂಗೆಗೆ ಕೈಮುಗಿದದ್ದು ಒಂದು, ಹೊರಸಿನ ನುಲಿ ಮೂರು ಸಲ ಹರಿದದ್ದು ಇನ್ನೊಂದು. ಕೋಣ ಒಮ್ಮೆಯೂ ನಿಲ್ಲಲಿಲ್ಲ. ನಮ್ಮವರು ದಿನಾ ಸಂಜೆ ನನ್ನ ಕಡೆ ತಿರುಗಿ, "ಬಚ್ಚಲಾ ಹೆಂಗದ?" ಎಂದು ಕೇಳುವರು. ನಾನು ಜಪಮಣಿ ಎಣಿಸುವೆನು.

ಗಡಿಯಲ್ಲಿ ನೇಪಾಳದ ಸುಂಕದವನು ಟೋಪಿ ಸರಿಮಾಡಿಕೊಂಡು ಹಿಂದೆ ಹತ್ತಿ ಚೀಲ ಬಿಚ್ಚಿಸಿದ. ಕಟಕ್ ರೊಟ್ಟಿಯ ರಾಶಿ ನೋಡಿ ಒಂದನ್ನು ಎತ್ತಿ ಬೆರಳಿನಿಂದ ಬಡಿದ. ಟಣ್ ಎಂದಿತು. ತಗಡೇ, ಗಾಡಿಯ ಬಿಡಿಭಾಗವೇ ಎಂದು ಹಿಂದಿಯಲ್ಲಿ ಕೇಳಿದ. ತಿನ್ನುವುದು ಎಂದು ನಮ್ಮವರು ವಿಜಾಪುರದ ಹಿಂದಿಯಲ್ಲಿ ಹೇಳಿದರು. ಅವನು ನಂಬಲಿಲ್ಲ. ಅತ್ತೆ ಒಂದು ರೊಟ್ಟಿ ಮುರಿದು, ಚಟ್ನಿ ಹಚ್ಚಿ, ಅವನ ಮುಂದೆ ಹಿಡಿದರು. "ತಿನ್ನೋ ಯಪ್ಪಾ, ಹಲ್ಲ ಅದಾವಿಲ್ಲೋ?"

ತಿಂದ. ಕಣ್ಣಲ್ಲಿ ನೀರು ಬಂತು. ಒಳಗೆ ಹೋಗಿ ತನ್ನ ಮೇಲಿನವನನ್ನೂ ಕರೆದುಕೊಂಡು ಬಂದ. ಅವನೂ ಎರಡು ತಿಂದ. ಆಮೇಲೆ ಕಾಗದದ ಮೇಲೆ ಠಸ್ಸೆ ಬಿತ್ತು. ಪರದೇಶಕ್ಕೆ ಹೋಗುವುದೆಂದರೆ ಏನೋ ಎಂದು ಅಂಜಿದ್ದೆ. ನಮ್ಮ ಪ್ರವೇಶ ಮೂರು ರೊಟ್ಟಿಯಲ್ಲಿ ಮುಗಿಯಿತು.

ಹೆಟೌಡಾ

ಗುಡ್ಡ ಶುರುವಾಗುವ ಮುಂಚಿನ ಊರು ಇದು. ಅಲ್ಲಿಯ ಜನ ಬೆಳಿಗ್ಗೆ ಎದುರಾದರೆ ಆರಾಮಿದ್ದೀರಾ ಎಂದು ಕೇಳುವುದಿಲ್ಲ, ಅನ್ನ ಉಂಡಿರಾ ಎನ್ನುತ್ತಾರೆ. ಮೊದಲ ಸಲ ಒಬ್ಬಾಕೆ ಕೇಳಿದಾಗ ಅತ್ತೆ ಬೇಜಾರಾದರು. "ನಮ್ಮನ್ನ ನೋಡಿದ್ರ ಉಪಾಸ ಬಿದ್ದವರಂಗ ಕಾಣತೇವೇನ?" ಎರಡನೆಯ ದಿನದಿಂದ ಅವರೇ ದಾರಿಹೋಕರನ್ನೆಲ್ಲ ನಿಲ್ಲಿಸಿ, "ಭಾತ್? ಭಾತ್?" ಎಂದು ಕೇಳತೊಡಗಿದರು.

ಹೆಂಗಸರು ಬೆನ್ನ ಮೇಲೆ ಬುಟ್ಟಿ ಹೊತ್ತು ಅದರ ಪಟ್ಟಿಯನ್ನು ಹಣೆಗೆ ಕೊಟ್ಟುಕೊಳ್ಳುತ್ತಾರೆ. ನಮ್ಮ ಕಡೆ ಭಾರವೆಲ್ಲ ನೆತ್ತಿಗೆ, ಅವರ ಕಡೆ ಹಣೆಗೆ. ಹೊರುವವರು ಮಾತ್ರ ಎರಡೂ ಕಡೆ ಹೆಂಗಸರೇ.

ರಸ್ತೆಯ ಪಕ್ಕದಲ್ಲಿ ಕಲ್ಲಿನ ಬಾಯಿಯಿಂದ ನೀರು ಧಾರೆಯಾಗಿ ಬೀಳುತ್ತದೆ. ಅದರ ಅಡಿಯಲ್ಲಿ ಹೆಂಗಸರು ಎದೆಯವರೆಗೆ ಒಂದು ಲುಂಗಿ ಬಿಗಿದುಕೊಂಡು, ಬಸ್ಸು ಲಾರಿ ಹಾಯುತ್ತಿರಲಿ, ನಗುತ್ತ ಮಾತಾಡುತ್ತ ಜಳಕ ಮಾಡುತ್ತಾರೆ. ನೋಡುವವರೂ ಯಾರಿಲ್ಲ. ನಾನೊಬ್ಬಳೇ ನೋಡುತ್ತಿದ್ದೆ. ಆಮೇಲೆ ಕೋಣದ ರೆಕ್ಕೆ ಬಿಚ್ಚಿ ಗೋಣಿತಟ್ಟು ಇಳಿಸಿ ನಾನು ಒಳಗೆ ಹೋದಾಗ ಆ ಹೆಂಗಸರೆಲ್ಲ ಒದ್ದೆ ಮೈಯಲ್ಲೇ ಬಂದು ಸುತ್ತ ನಿಂತು, ಈಕೆ ಒಳಗೆ ಏನು ಮಾಡುತ್ತಿದ್ದಾಳೆ ಎಂದು ತಟ್ಟು ಎತ್ತಿ ನೋಡಿದರು. ಮರೆ ಮಾಡಿಕೊಂಡವಳ ಸುತ್ತಲೇ ಜನ ಸೇರಿದ್ದರು.

ಆದರೂ ನಿಜ ಹೇಳಬೇಕು. ಆ ಹಲಗೆಯ ಮೇಲೆ ನಿಂತು, ನಾಲ್ಕೂ ಕಡೆ ಮರೆಯಲ್ಲಿ, ಅವಸರವಿಲ್ಲದೆ ನೀರು ಹೊಯ್ದುಕೊಂಡ ಪ್ರಯಾಣದ ಆ ಇಪ್ಪತ್ತು ದಿನ ನನ್ನ ಜನ್ಮದಲ್ಲಿ ಹೊಸದು. ಕೋಣದ ಪಕ್ಕೆಗೆ ಬೆನ್ನು ಆನಿಸಿದರೆ ಇಂಜಿನ್ನಿನ ಶಾಖ ಬೆಚ್ಚಗೆ ತಾಗುತ್ತಿತ್ತು. ಅವತ್ತು ಅದರ ಮೇಲೆ ಮೊದಲ ಸಲ ಸ್ವಲ್ಪ ಕನಿಕರ ಬಂತು. ಸ್ವಲ್ಪವೇ. ಕರಾರು ಕರಾರೇ.

ಗುಡ್ಡದ ನೆತ್ತಿ

ರಸ್ತೆ ಹಾವಿನ ಹಾಗೆ ಸುತ್ತಿ ಸುತ್ತಿ ಮೋಡದ ಒಳಗೆ ಹೋಗುತ್ತದೆ. ನೆತ್ತಿಗೆ ಇನ್ನೆರಡು ತಿರುವು ಇರುವಾಗ ಹಿಮ ಉದುರತೊಡಗಿತು. ಯಾರೋ ಮೇಲೆ ಕೂತು ಜೋಳದ ಹಿಟ್ಟು ಜರಡಿ ಹಿಡಿದ ಹಾಗೆ. ಅತ್ತೆ ಅಂಗೈಯಲ್ಲಿ ಹಿಡಿದು ನೆಕ್ಕಿ ನೋಡಿದರು. "ಉಪ್ಪಿಲ್ಲ, ಸಕ್ಕರಿ ಇಲ್ಲ. ಇಷ್ಟ ಮ್ಯಾಲ ಬಂದ ಇದೇನ ಮಾಡ್ಯಾನ ದೇವರು?"

ನೆಲಕ್ಕೆ ಬಿದ್ದದ್ದು ಗಾಡಿಗಳು ತುಳಿದು ತುಳಿದು ರಾಡಿಯಾಗಿತ್ತು. ತಿರುವಿನಲ್ಲಿ ಕೋಣದ ಹಿಂದಿನ ಗಾಲಿ ಜಾರಿತು. ಜಾರಿದ್ದು ಕಂದಕದ ಕಡೆಗಲ್ಲ, ಗುಡ್ಡದ ಕಡೆಗೆ. ಆ ದಿನದ ದೊಡ್ಡ ಪುಣ್ಯ ಅದು. ಗಾಲಿ ತಿರುಗುತ್ತದೆ, ರಾಡಿ ಹಾರುತ್ತದೆ, ಗಾಡಿ ಅಲ್ಲೇ.

"ಸಣ್ಣ ಗೇರ್ ಯಾಕ ಐತಿ?" ಎಂದು ನಮ್ಮವರು ನನಗೆ ಕೇಳುವಂತೆ ಹೇಳಿ, ಕೋಲನ್ನು ಮುಂದಕ್ಕೆ ತಳ್ಳಿದರು. ಅದು ಅಲುಗಲಿಲ್ಲ. ಎರಡೂ ಕೈಯಿಂದ ತಳ್ಳಿದರು. ದಸ್ತಗೀರ ಬಂದು ಕಾಲು ಕೊಟ್ಟು ಒದ್ದ. ಗೋಡೆಗೆ ಬಡಿದ ಗೂಟದ ಹಾಗೆ ನಿಂತಿತ್ತು.

ಹಿಂದೆ ಒಂದು ಲಾರಿ, ಅದರ ಹಿಂದೆ ಎರಡು ಬಸ್ಸು. ಲಾರಿಯ ಡ್ರೈವರ್ ಬಿಹಾರದ ಕಡೆಯವನು, ಅವಸರದ ಮನುಷ್ಯ. ಕೇಳುವುದರೊಳಗೆ ಲಾರಿಯನ್ನು ಮಗ್ಗುಲಿಂದ ಮುಂದಕ್ಕೆ ತಂದು ನಿಲ್ಲಿಸಿ, ಹೆಬ್ಬೆರಳಿನಷ್ಟು ದಪ್ಪ ಹಗ್ಗವನ್ನು ನಮ್ಮ ಮುಂದಿನ ಕೊಕ್ಕೆಗೆ ಬಿಗಿದ.

ನಾನು ಹೊರಸಿನಿಂದ ಇಳಿದು ಮುಂದೆ ಬಂದೆ. ಹಗ್ಗ ನೋಡಿದೆ. ಕಣ್ಣ ಮುಂದೆ ಬಚ್ಚಲು ಎದ್ದು ನಿಂತಿತು. ನಾಲ್ಕು ಗೋಡೆ, ನೀರಿನ ಹಂಡೆ, ಬಾಗಿಲು, ಬಾಗಿಲಿಗೆ ಕೊಂಡಿ. ಒಂದು ಗೇಣು ಎಳೆದರೆ ಸಾಕು.

ಅಷ್ಟರಲ್ಲಿ ನಮ್ಮವರು ಗೇರಿನ ಬುಡದ ತಗಡು ಬಿಚ್ಚಿದರು. ಕೋಲು ಕೆಳಗೆ ಕೂಡಿಕೊಳ್ಳುವ ಕೀಲಿನ ಸುತ್ತ ಹಳದಿ ಅರಗು ಗಟ್ಟಿಯಾಗಿ ಹೆಪ್ಪುಗಟ್ಟಿತ್ತು, ಹೊಳೆಯುತ್ತಿತ್ತು. ಎಲ್ಲಿ ನೋಡಿದರೂ ಗುರುತು ಹಿಡಿಯಬಲ್ಲ ಹೊಳಪು. ಅದರ ನಡುವೆ ಸಾಸಿವೆ ಕಾಳಿನಷ್ಟು ಕೆಂಪು ಚುಕ್ಕೆಗಳು.

ನಾಲ್ಕು ತಿಂಗಳ ನನ್ನ ರವಿವಾರಗಳೆಲ್ಲ ಅಲ್ಲಿ ಕೂತಿದ್ದವು. ನಮ್ಮ ದೇವರ ಮನೆಯ ಬಾಗಿಲಿನ ಕೀಲು, ನಾನು ಎಷ್ಟು ಎಣ್ಣೆ ಬಿಟ್ಟರೂ ಯಾಕೆ ಬಿಗಿಯುತ್ತಲೇ ಹೋಗುತ್ತದೆ ಎಂಬುದೂ ಆಗಲೇ ತಿಳಿಯಿತು.

ನಮ್ಮವರು ಬೆರಳಿನಿಂದ ಕೆರೆದು ಮೂಸಿದರು. ನನ್ನ ಕಡೆ ನೋಡಲಿಲ್ಲ. ದಸ್ತಗೀರನ ಕಡೆ ತಿರುಗಿದರು.

"ಏನೋ ದಸ್ತಗೀರ, ಏನ್ ಗ್ರೀಸ್ ಹಚ್ಚೀಪಾ ಇದಕ್ಕ?"

ದಸ್ತಗೀರ ಬಗ್ಗಿ ನೋಡಿದ. ಎದ್ದು ತಲೆ ತಗ್ಗಿಸಿದ. "ತಪ್ಪಾತ್ರಿ ಸಾವ್ಕಾರ."

"ಮೂವತ್ತ ವರ್ಷ ನಟ್ಟು ಬಿಚ್ಚೂ ಪಾನಾ ಹಿಡದಾಂವ ನೀ. ಮುದ್ದೇಬಿಹಾಳದಾಗ ನಿನ್ನ ಹೆಸರಿಗಿ ಕೈ ಮುಗೀತಾರ. ಪರದೇಶಕ್ಕ ತಂದು ಹಿಂಗ ಮರ್ಯಾದಿ ಕಳೀತೀ?"

"ಇವತ್ತಿಗಿ ಸಾಕ್ರಿ. ಊರಿಗಿ ಹ್ವಾದ ಮ್ಯಾಲ ಪಾನಾ ಮುಟ್ಟಂಗಿಲ್ಲ. ಶೆಡ್ಡಿನಾಗ ಎಮ್ಮಿ ಕಟ್ಟತೇನಿ."

ಲಾರಿಯವನು ಇಂಜಿನ್ ಚಾಲೂ ಮಾಡಿದ. ಹಗ್ಗ ರಾಡಿಯಿಂದ ಮೆಲ್ಲಗೆ ಮೇಲೆದ್ದಿತು. ನಾನು ಲಿಂಗವಸ್ತ್ರ ಹಿಡಿದುಕೊಂಡು ನಿಂತೆ. ಬಾಯಿ ಮುಚ್ಚಿಕೊಂಡಿದ್ದರೆ ನನ್ನ ಮೇಲೆ ಯಾರೂ ಬೆರಳು ತೋರಿಸುತ್ತಿರಲಿಲ್ಲ. ಕೊಂಡಿ ಹಾಕಿಕೊಂಡು ದಿನಾ ಜಳಕ ಮಾಡಬಹುದಿತ್ತು. ಆದರೆ ಆ ಬಚ್ಚಲಿನಲ್ಲಿ ಪ್ರತಿ ತಂಬಿಗೆಗೂ ದಸ್ತಗೀರನ ತಗ್ಗಿದ ತಲೆ ಕಾಣುತ್ತಿತ್ತು. ಅಂಥ ನೀರು ಮೈ ತೊಳೆಯುವುದಿಲ್ಲ.

"ನಿಂದರ್ರಿ" ಎಂದು ಕೂಗಿದೆ. ಲಾರಿಯವನಿಗೆ ಕನ್ನಡ ತಿಳಿಯದಿದ್ದರೂ ನಿಂತ.

"ಅಂವಂದೇನೂ ತಪ್ಪಿಲ್ಲ. ಅದು ಗ್ರೀಸಲ್ಲ, ಕುಸುಬಿ ಎಣ್ಣಿ. ದೇವರ ದೀಪದ್ದು. ನಾ ಹಾಕೇನಿ."

"ಯಾವಾಗ?" ಎಂದರು ನಮ್ಮವರು.

"ರವಿವಾರಕ್ಕೊಮ್ಮಿ. ನಾಕ ತಿಂಗಳ."

ಅತ್ತೆ ಟಪ್ಪಿನಿಂದ ತಲೆ ಹೊರಗೆ ಹಾಕಿದರು. "ಪೂಜಿ ಮಾಡೀಯೇನ? ಕಬ್ಬಿಣಕ್ಕ?"

ತಿರುವಿನಲ್ಲಿ ಒಂದು ಚಹದ ಗುಡಿಸಲಿತ್ತು, ಅಲ್ಲಿಗೆ ಓಡಿದೆ. ಅದರ ಒಡತಿ, ಬಾಯಲ್ಲಿ ಬೀಡಿ ಇಟ್ಟುಕೊಂಡ ಮುದುಕಿ, ಒಲೆಯ ಮುಂದೆ ಕೂತಿದ್ದಳು. ನನಗೆ ಅವಳ ಭಾಷೆ ಬಾರದು, ಅವಳಿಗೆ ನನ್ನದು ಬಾರದು. ಒಲೆಯ ಬೂದಿ ತೋರಿಸಿ, ಅಂಗೈಗೆ ಅಂಗೈ ತಿಕ್ಕಿ ತೋರಿಸಿದೆ. ಅವಳು ತನ್ನ ಹಿಂದೆ ಬೋರಲು ಹಾಕಿದ್ದ ಪಾತ್ರೆ ತೋರಿಸಿದಳು. ಬೂದಿಯಲ್ಲಿ ತಿಕ್ಕಿದ ಹಿತ್ತಾಳೆ, ನಮ್ಮ ಮನೆಯದೇ ಎನ್ನುವ ಹಾಗೆ. ಬೀಡಿ ಪಕ್ಕಕ್ಕಿಟ್ಟು, ಕುದಿಯುತ್ತಿದ್ದ ಚಹದ ನೀರನ್ನೇ ಎತ್ತಿ, ಎರಡು ಬೊಗಸೆ ಬೂದಿ ಸುರಿದು, ಒಂದು ಹಿಡಿ ಹುಲ್ಲನ್ನೂ ತೆಗೆದುಕೊಂಡು ನನ್ನ ಜೊತೆಗೇ ಬಂದಳು.

ಬಟ್ಟೆಯನ್ನು ಬಿಸಿ ಬೂದಿನೀರಿನಲ್ಲಿ ಅದ್ದಿ ಕೀಲಿನ ಸುತ್ತ ಸುತ್ತಿದೆವು. ತಣಿದರೆ ಮತ್ತೆ ಅದ್ದಿದೆವು. ಆಮೇಲೆ ಅವಳೊಂದು ಕಡೆಯಿಂದ, ನಾನೊಂದು ಕಡೆಯಿಂದ ಹುಲ್ಲಿನಲ್ಲಿ ತಿಕ್ಕಿದೆವು. ಮೊದಲು ಅಂಟು, ಆಮೇಲೆ ಜಿಡ್ಡು, ಆಮೇಲೆ ಬರೀ ಕಂದು ನೀರು. ಗಂಡಸರೆಲ್ಲ, ಎರಡು ಬಸ್ಸಿನವರೂ ಸೇರಿ, ಸುತ್ತ ನಿಂತು ನೋಡುತ್ತಿದ್ದರು. ಲಾರಿಯವನು ಎರಡು ಸಲ ಹಾರ್ನ್ ಒತ್ತಿದ. ಮುದುಕಿ ಹೋಗಿ ಅವನಿಗೆ ಏನೋ ಬೈದು ಬಂದಳು, ಮೂರನೆಯ ಸಲ ಒತ್ತಲಿಲ್ಲ.

ಅತ್ತೆ ಮೇಲಿಂದ ನೋಡಿ ಹೇಳಿದರು: "ತನಗ ಬಚ್ಚಲಿಲ್ಲ. ಕಬ್ಬಿಣಕ್ಕ ಬಿಸಿನೀರ ಜಳಕಾ ಮಾಡಸಾಕತ್ತಾಳ ನನ್ನ ಸೊಸಿ."

ದಸ್ತಗೀರ ಕೀಲಿಗೆ ಸರಿಯಾದ ಗ್ರೀಸ್ ಹಚ್ಚಿದ. ನಮ್ಮವರು ಕೋಲು ಹಿಡಿದರು.

ಕಟಕ್.

ಹಗ್ಗ ಬಿಚ್ಚಿ ಲಾರಿಯವನಿಗೆ ಕೊಟ್ಟರು. ಅದು ಒಂದು ಬೆರಳೂ ಎಳೆದಿರಲಿಲ್ಲ. ಕೋಣ ನಾಲ್ಕೂ ಕಾಲು ಊರಿ ರಾಡಿಯಿಂದ ಎದ್ದು ನೆತ್ತಿಗೆ ಹತ್ತಿತು. ನನ್ನ ಬಚ್ಚಲು ಹಿಂದೆ ತಿರುವಿನಲ್ಲಿ ಉಳಿಯಿತು. ಹೊರಡುವ ಮುಂಚೆ ಮುದುಕಿಗೆ ಎರಡು ರೊಟ್ಟಿ ಕೊಟ್ಟಿದ್ದೆ. ಹಲ್ಲಿರಲಿಲ್ಲ ಪಾಪ, ಚಹದಲ್ಲಿ ಅದ್ದಿ ತಿನ್ನುತ್ತ ಕೈ ಬೀಸಿದಳು.

ಪಶುಪತಿ

ಶಿವರಾತ್ರಿಯ ಜಾತ್ರೆಯಲ್ಲಿ ದೇವರು ಕಂಡದ್ದಕ್ಕಿಂತ ಜನರ ಬೆನ್ನು ಕಂಡದ್ದೇ ಹೆಚ್ಚು. ಅದಕ್ಕೆ ಮರುದಿನ ಮತ್ತೆ ಹೋದೆವು. ದಸ್ತಗೀರ ಗಾಡಿ ಕಾಯುತ್ತ ಹೊರಗೆ ಉಳಿದ.

ಹೊಳೆಯ ಮೆಟ್ಟಿಲ ಮೇಲೆ ಜಡೆಗಟ್ಟಿದ ಕೂದಲು, ಕಾವಿಯ ತುಂಡು, ಕೊರಳಲ್ಲಿ ರುದ್ರಾಕ್ಷಿ ಹಾಕಿಕೊಂಡ ಒಬ್ಬ ಬಿಳಿಯ ಹುಡುಗ ಕೂತಿದ್ದ. ಅಂಥವರು ಆ ಊರಿನಲ್ಲಿ ಬಹಳ. ಅತ್ತೆ ಅವನಿಗೆ ಕೈಮುಗಿದರು. ಅವನೂ ಎದ್ದು ಕೈಮುಗಿದು ಇವರ ಕಾಲು ಮುಟ್ಟಿದ. ಸ್ವಾಮಿಗಳು ಕಾಲು ಮುಟ್ಟಿದರೆ ಪಾಪ ಬರುತ್ತದೆಂದು ಅತ್ತೆ ಬಗ್ಗಿ ಅವನ ಕಾಲು ಮುಟ್ಟಿದರು. ಅವನು ಮತ್ತೆ ಬಗ್ಗಿದ. ಇಬ್ಬರನ್ನೂ ಬಿಡಿಸುವುದರಲ್ಲಿ ಸಾಕಾಯಿತು.

ಗುಡಿಯ ಬಾಗಿಲ ಮುಂದೆ ನಿಂತಾಗ ಕಣ್ಣು ತುಂಬಿತು. ಸುತ್ತ ಯಾರಿಗೂ ನಮ್ಮ ಮಾತು ತಿಳಿಯುವುದಿಲ್ಲ ಎಂಬ ಧೈರ್ಯದಲ್ಲಿ ಬಾಯಿಬಿಟ್ಟೇ ಹೇಳಿಕೊಂಡೆ.

"ನೋಡಪ್ಪಾ ಶಿವನ, ಖರೇ ಹೇಳಿದ್ದಕ್ಕ ಬಚ್ಚಲಾ ಹ್ವಾತು. ಗಂಡಂದ ಗಾಡಿ ಉಳೀತು. ಇಲ್ಲೀಮಟಾ ಬಂದೇನಿ, ಒಂದ್ ಬಾಗಲಿರೂ ಬಚ್ಚಲಾ ಕೊಡಾಕ ನಿನಗೇನ ಭಾರಾ?"

ಒಳಗಿದ್ದ ಪೂಜಾರಿಗಳು ಹೂವು ಕೊಡುತ್ತಿದ್ದ ಕೈ ನಿಲ್ಲಿಸಿದರು.

"ಅಮ್ಮಾ, ಇಲ್ಲಿಗೆ ಬಂದವರು ಸಾಮಾನ್ಯವಾಗಿ ಮೋಕ್ಷ ಕೇಳ್ತಾರೆ. ಬಚ್ಚಲು ಕೇಳಿದವರು ನೀವೇ ಮೊದಲು."

ಶುದ್ಧ ಕನ್ನಡ, ನಮ್ಮದಲ್ಲ, ಕರಾವಳಿ ಕಡೆಯದು. ಆ ಗುಡಿಗೆ ಎಷ್ಟೋ ತಲೆಮಾರಿನಿಂದ ಕನ್ನಡ ಸೀಮೆಯ ಪೂಜಾರಿಗಳೇ ಬರುತ್ತಾರಂತೆ. ನನಗೆ ತಿಳಿದದ್ದು ಆಮೇಲೆ. ಆ ಗಳಿಗೆಯಲ್ಲಿ ಮಾತ್ರ ನೆಲ ಬಿರಿಯಬಾರದೇ ಎನಿಸಿತು.

ಅವರು ನಮ್ಮವರ ಕಡೆ ನೋಡಿದರು. "ಯಜಮಾನರು ನೀವೇನಾ?"

"ಹೌದ್ರಿ."

"ಊರಿಗೆ ಹೋಗಿ ಮೊದಲು ಆ ಕೆಲಸ ಮಾಡಿ. ಇಷ್ಟು ಸಣ್ಣದಕ್ಕೆ ಇಷ್ಟು ದೂರ ಬರಿಸಬಾರದು."

ನಮ್ಮವರು ಪ್ರಸಾದ ತೆಗೆದುಕೊಂಡು ಹಣೆಗೊತ್ತಿಕೊಂಡರು. ಹೊರಗೆ ಬರುವವರೆಗೆ ಅತ್ತೆ ಸೆರಗು ಬಾಯಿಗೆ ತುರುಕಿಕೊಂಡಿದ್ದರು.

ಮತ್ತೆ ಝಳಕಿ, ಮತ್ತೆ ಸಿಂದಗಿ

ತಿರುಗಿ ಬರುವಾಗ ಕೋಣ ಕೆಡಲಿಲ್ಲ. ಝಳಕಿಯಲ್ಲಿ ಅದೇ ಹೋಟೆಲಿನ ಮುಂದೆ, ಧೋತರದಿಂದ ದೂರದಲ್ಲಿ ನಿಲ್ಲಿಸಿ ಚಹ ಕುಡಿದೆವು. ನಮ್ಮವರು ಕೈತೊಳೆಯಲು ಹೋದಾಗ ದಸ್ತಗೀರನಿಗೆ ಹೇಳಿದೆ, "ಅಣ್ಣಾ, ಅವತ್ತ ನನ್ನ ಸಂಬಂಧ ನೀ ಬೈಸ್ಕೊಂಡಿ."

ಅವನು ಬಸಿಯಲ್ಲಿದ್ದ ಚಹ ಚೆಲ್ಲುವ ಹಾಗೆ ನಕ್ಕ.

"ಅಕ್ಕಾರ, ಯಾವ ಕಾರಖಾನ್ಯಾಗ ಗ್ರೀಸಿಗಿ ಕುಂಕುಮಾ ಹಾಕತಾರ್ರಿ? ತಗಡ ಬಿಚ್ಚಿದ್ ಕೂಡಲೇ ನಮ್ಮಿಬ್ಬರಿಗೂ ತಿಳೀತು. ಸಾವ್ಕಾರು ಬೈಯೂ ಮೊದಲ ಒಂದ್ ಕಣ್ಣ ಹೊಡದ್ರು. ನಾ ತೆಲಿ ತಗ್ಗಿಸಿದ್ದು ನಗೀ ಮುಚ್ಚಾಕ್ರಿ."

ನಮ್ಮವರು ಬಂದರು. ನಾನು ಕೇಳಿದೆ, "ನಾ ಬಾಯಿ ಬಿಡದಿದ್ರ ಏನ್ ಮಾಡ್ತಿದ್ರಿ?"

"ಎಳಿಸ್ಕೊತಿದ್ದೆ. ಬಂದು ಗುಜರಿಗಿ ಹಾಕತಿದ್ದೆ. ಕರಾರು ಕರಾರ ಅಲ್ಲೇನು?" ಎಂದರು. ಒದ್ದೆ ಕೈ ಒರೆಸಿಕೊಳ್ಳುತ್ತ, "ಆದ್ರ ಬಾಯಿ ಬಿಡತೀ ಅನ್ನೂದು ಗೊತ್ತಿತ್ತು" ಎಂದರು.

ಅತ್ತೆ ತೀರ್ಪು ಕೊಟ್ಟರು. ಪೂಜಾರಿಗಳ ಮಾತು ಒಂದು. ಹೆಂಗಸಿನ ಮುಂದೆ ನಾಟಕ ಆಡಿದ್ದಕ್ಕೆ ದಂಡ ಇನ್ನೊಂದು. ಇಬ್ಬರೂ ಗಂಡಸರು ಸ್ವಂತ ಕೈಯಿಂದ ಬಚ್ಚಲು ಕಟ್ಟಬೇಕು, ಗೌಂಡಿಯನ್ನು ಕರೆಯಬಾರದು.

ಜಾಗಕ್ಕೆ ತೊಂದರೆಯಾಗಲಿಲ್ಲ. ಓಡುವ ಗಾಡಿ ಜಾಗ ಬಿಟ್ಟು ಸರಿಯಬಲ್ಲದು ಎಂಬ ಮಾತು ನಮ್ಮವರಿಗೆ ಹೊಳೆಯಲು ನೇಪಾಳಕ್ಕೆ ಹೋಗಿ ಬರಬೇಕಾಯಿತು. ಕೋಣ ಈಗ ನಮ್ಮವರ ರಿಪೇರಿ ಅಂಗಡಿಯ ಮುಂದೆ ನಿಲ್ಲುತ್ತದೆ. ಗೋಡೆ ಸ್ವಲ್ಪ ವಾಲಿದೆ, ಇರಲಿ. ಬಾಗಿಲಿಗೆ ಮರ ಸಿಗಲಿಲ್ಲವೆಂದು ದಸ್ತಗೀರ ಕೋಣದ ಹಿಂದಿನ ಕಬ್ಬಿಣದ ಬಾಗಿಲನ್ನೇ ಬಿಚ್ಚಿ ತಂದು ನಿಲ್ಲಿಸಿದ. ಮಿಲಿಟರಿ ಹಸಿರು, ಎರಡು ಕೊಂಡಿ. ಬಾಗೇವಾಡಿಯಿಂದ ಬಂದ ನನ್ನ ತಮ್ಮ ಅದನ್ನು ನೋಡಿ ಬಾಯಿ ತೆಗೆಯಲು ಹೋದ. ನಾನು ಕಣ್ಣು ಬಿಟ್ಟೆ. ಮುಚ್ಚಿಕೊಂಡ.

ಮೊದಲ ರವಿವಾರ ಒಳಗೆ ಹೋಗಿ ಎರಡೂ ಕೊಂಡಿ ಹಾಕಿಕೊಂಡು, ಹಂಡೆ ಬರಿದಾಗುವವರೆಗೆ ಜಳಕ ಮಾಡಿದೆ. ಪಕ್ಕದ ಮಾಳಿಗೆಯ ಮೇಲೆ ಮೆಣಸಿನಕಾಯಿ ಹರವುವ ಸದ್ದು ಕೇಳಿತು. ಹರವಲಿ ಎಂದುಕೊಂಡೆ.

ಹೊರಗೆ ಬರುವಾಗ ಬಾಗಿಲಿನ ಕೀಲು ಕಿರ್ರೆಂದಿತು. ಕಲ್ಲಿನ ಮೇಲೆ ದೀಪಗಳು ಕಾಯುತ್ತಿದ್ದವು. ನಾವಿಲ್ಲದಾಗ ನೆರೆಯವರು ಹಚ್ಚಿ ಹಚ್ಚಿ, ಆಮೇಲೆ ಬಚ್ಚಲು ಕಟ್ಟುವ ಗಡಿಬಿಡಿಯಲ್ಲಿ ತಿಕ್ಕುವುದೂ ತಪ್ಪಿ, ಒಂದೊಂದರ ಮೇಲೂ ಅರಗು ಬೆಳೆದಿತ್ತು. ಉಳಿದ ಎಣ್ಣೆಯನ್ನು ಬಟ್ಟಲಿಗೆ ಬಸಿದೆ. ಬಟ್ಟಲು ಹಿಡಿದ ಕೈ ತಾನಾಗಿ ಆ ಕೀಲಿನ ಕಡೆಗೆ ಹೋಯಿತು.

ಪಡಸಾಲೆಯಿಂದ ನಮ್ಮವರು ಕೆಮ್ಮಿದರು. "ದೇವರ ಮನಿ ಮಾಡದಾಗ ಒಂದ್ ಬಾಟ್ಲಿ ಇಟ್ಟೇನಿ, ನೋಡು."

ನೋಡಿದೆ. ಔಡಲೆಣ್ಣೆ, ಎಷ್ಟು ದಿನವಾದರೂ ಒಣಗಿ ಕಚ್ಚಿಕೊಳ್ಳದ ಹರಳೆಣ್ಣೆ. ಬಾಟಲಿಯ ಮೇಲೆ ಒಂದು ಬೊಟ್ಟು ಕುಂಕುಮ ಬೇರೆ ಇಟ್ಟಿದ್ದರು. ಕೀಲಿಗೆ ಅದರ ಎರಡು ಹನಿ ಬಿಟ್ಟೆ. ದೇವರ ಎಣ್ಣೆಯನ್ನು, ನಡುವೆ ಯಾವ ಅಡ್ಡಿಯೂ ಇಲ್ಲದೆ, ಬೇವಿನ ಬುಡಕ್ಕೆ ಎರೆದು ಬಂದೆ. ನೀರು ಕುದಿಯುತ್ತಿತ್ತು. ಎರಡು ಬೊಗಸೆ ಬೂದಿ ಹಾಕಿ, ದೀಪ ಮುಳುಗಿಸಿ, ತಿಕ್ಕಲು ಕೂತೆ.